ಸ್ಫೂರ್ತಿಯ ಸಾಲ, ಬಟವಾಡೆಯ ಲೆಕ್ಕ

1945ರಲ್ಲಿ ಬೊಂಬಾಯಿ ಸರ್ಕಾರ ನಗರದ ಜನರಿಗೆ ಹಾಲು ಒದಗಿಸುವ ಯೋಜನೆಯೊಂದನ್ನು ಆರಂಭಿಸಿತು. ಹಾಲು ಬರಬೇಕಾದದ್ದು ಸುಮಾರು ನಾನೂರು ಕಿಲೋಮೀಟರ್ ದೂರದ ಗುಜರಾತಿನ ಖೇಡಾ ಜಿಲ್ಲೆಯಿಂದ. ಅದನ್ನು ಸಂಗ್ರಹಿಸಿ ಕಳಿಸುವ ಗುತ್ತಿಗೆ ಆನಂದ್ ಪಟ್ಟಣದಲ್ಲಿ ಡೇರಿ ನಡೆಸುತ್ತಿದ್ದ ಪೋಲ್ಸನ್ ಕಂಪನಿಗೆ ಸಿಕ್ಕಿತು. ಸರ್ಕಾರದ ಕೆಲಸ ಹಗುರಾಯಿತು, ಕಂಪನಿಗೆ ಲಾಭವಾಯಿತು, ನಗರಕ್ಕೆ ಹಾಲು ಬಂತು. ಎಮ್ಮೆ ಕಟ್ಟಿ ಹಾಲು ಕರೆಯುವವರಿಗೆ ಮಾತ್ರ ಏರಿದ ದರದಲ್ಲಿ ಪಾಲು ಸಿಗಲಿಲ್ಲ. ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಬಳಿ ಹೋದರು. ನಿಮ್ಮದೇ ಸಹಕಾರ ಸಂಘ ಕಟ್ಟಿಕೊಳ್ಳಿ, ಅದಕ್ಕಾಗಿ ಹಾಲು ನಿಲ್ಲಿಸಬೇಕಾದೀತು, ಆ ನಷ್ಟ ತಾಳಿಕೊಳ್ಳಲು ತಯಾರಿದ್ದೀರಾ ಎಂಬುದು ಪಟೇಲರ ಮಾತಿನ ಸಾರವಾಗಿತ್ತು. ಅವರು ಮೊರಾರ್ಜಿ ದೇಸಾಯಿಯವರನ್ನು ಖೇಡಾಕ್ಕೆ ಕಳಿಸಿದರು. 1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ಸಭೆ ಸೇರಿತು. ಊರಿಗೊಂದು ಹಾಲಿನ ಸಂಘ, ಎಲ್ಲ ಸಂಘಗಳೂ ಸೇರಿ ಒಂದು ಒಕ್ಕೂಟ, ಸರ್ಕಾರ ಹಾಲು ಕೊಳ್ಳುವುದಾದರೆ ಆ ಒಕ್ಕೂಟದಿಂದಲೇ ಕೊಳ್ಳಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಸರ್ಕಾರ ಒಪ್ಪಲಿಲ್ಲ. ರೈತರು ಹದಿನೈದು ದಿನ ವರ್ತಕರಿಗೆ ಒಂದು ಹನಿ ಹಾಲೂ ಮಾರಲಿಲ್ಲ. ಕೊನೆಗೆ ಸರ್ಕಾರವೇ ಮಣಿಯಿತು. ಅದೇ ವರ್ಷ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ಇಂದು ಅಮುಲ್ ಎಂದು ದೇಶವೆಲ್ಲ ಕರೆಯುವ ಸಂಸ್ಥೆಯ ಹುಟ್ಟು ಇದು.

ನಾಯಕತ್ವದ ಬಗ್ಗೆ ಯೋಚಿಸುವವರು ಈ ಹದಿನೈದು ದಿನಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಲು ಧಾನ್ಯವಲ್ಲ, ಕಣಜದಲ್ಲಿಟ್ಟು ದರ ಬಂದಾಗ ಮಾರಲಾಗದು. ಬೆಳಿಗ್ಗೆ ಕರೆದದ್ದು ಸಂಜೆಯೊಳಗೆ ಕೆಡುತ್ತದೆ. ಎಮ್ಮೆಯ ಹಿಂಡಿ, ಮೇವಿನ ಖರ್ಚಂತೂ ನಿಲ್ಲುವುದಿಲ್ಲ. ಊರೆಲ್ಲ ಮುಷ್ಕರದಲ್ಲಿರುವಾಗ ಗುಟ್ಟಾಗಿ ಎರಡು ಸೇರು ಮಾರಿದವನಿಗೆ ಎಂದಿಗಿಂತ ಹೆಚ್ಚು ದುಡ್ಡು ಸಿಗುತ್ತಿತ್ತು. ಮುಷ್ಕರ ಗೆದ್ದರೆ ಅದರ ಫಲವೂ ಅವನಿಗೆ ತಪ್ಪುತ್ತಿರಲಿಲ್ಲ. ಅಂದರೆ ಒಬ್ಬೊಬ್ಬ ರೈತನ ಆ ಹೊತ್ತಿನ ಲಾಭದ ಲೆಕ್ಕ ಮುಷ್ಕರಕ್ಕೆ ಎದುರಾಗಿಯೇ ಇತ್ತು. ರೈತರು ಹೋರಾಡಿದ್ದು ದುಡ್ಡಿಗಾಗಿಯೇ ಅಲ್ಲವೇ ಎಂದು ಕೇಳಬಹುದು. ಹೌದು, ಜಗಳದ ಮೂಲ ದರವೇ. ಆದರೆ ಜಗಳಕ್ಕೆ ಕಾರಣವಾದದ್ದೇ ಜಗಳವನ್ನು ಹದಿನೈದು ದಿನ ಎತ್ತಿ ಹಿಡಿದ ಶಕ್ತಿಯೂ ಆಗಬೇಕೆಂದಿಲ್ಲ. ಊರಿನವರ ಒತ್ತಡ, ಒಂದೇ ಸಮುದಾಯದ ಬಂಧ ಇವೂ ಕೆಲಸ ಮಾಡಿರಬೇಕು, ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ಪೋಲ್ಸನ್ ಬಂದಾಗಲೂ ಆ ಬಂಧ ಅಲ್ಲಿತ್ತು, ಆಗ ಅದರಿಂದ ಏನೂ ಹುಟ್ಟಲಿಲ್ಲ. ನಡುವೆ ಬದಲಾದದ್ದು ರೈತ ತನ್ನನ್ನು ತಾನು ನೋಡಿಕೊಂಡ ಬಗೆ. ಹಾಲು ಮಾರುವವನು ಡೇರಿಯ ಒಡೆಯನಾಗಬಲ್ಲ ಎಂಬ ಯೋಚನೆ ಅಲ್ಲಿಯವರೆಗೆ ಅವನ ಲೆಕ್ಕದಲ್ಲೇ ಇರಲಿಲ್ಲ.

ಹುರಿದುಂಬಿಸುವ ನಾಯಕತ್ವಕ್ಕೂ ಸ್ಫೂರ್ತಿ ಕೊಡುವ ನಾಯಕತ್ವಕ್ಕೂ ಇರುವ ಅಂತರ ಇಲ್ಲಿದೆ. ಒಬ್ಬನಿಗೆ ಆಗಲೇ ಬೇಕಾಗಿರುವುದನ್ನು, ಅದು ಸಂಬಳ, ಬಡ್ತಿ, ಬಹುಮಾನ, ಹೊಗಳಿಕೆ ಅಥವಾ ಕೆಲಸ ಉಳಿಯುವ ಭರವಸೆ ಏನೇ ಇರಲಿ, ಕೆಲಸಕ್ಕೆ ಜೋಡಿಸಿ ಅವನನ್ನು ನಡೆಸುವುದು ಪ್ರೋತ್ಸಾಹ. ತನಗೆ ಏನು ಬೇಕು, ತಾನು ಏನಾಗಬಲ್ಲೆ ಎಂಬುದನ್ನೇ ಅವನು ಹೊಸದಾಗಿ ಕಾಣುವಂತಾಗುವುದು ಸ್ಫೂರ್ತಿ. ಅಮೆರಿಕದ ಇತಿಹಾಸಕಾರ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ಬರೆದ ‘ಲೀಡರ್‌ಶಿಪ್’ ಗ್ರಂಥದಲ್ಲಿ ಇದಕ್ಕೆ ಹತ್ತಿರದ ಭೇದವನ್ನೇ ಗುರುತಿಸಿದ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರದ ನಾಯಕತ್ವ ಒಂದು, ನಾಯಕನನ್ನೂ ಅನುಯಾಯಿಯನ್ನೂ ಬದಲಿಸುವ ನಾಯಕತ್ವ ಇನ್ನೊಂದು. 2003ರಲ್ಲಿ ಮನಶ್ಶಾಸ್ತ್ರಜ್ಞರಾದ ಟಾಡ್ ಥ್ರ್ಯಾಶ್ ಮತ್ತು ಆಂಡ್ರ್ಯೂ ಎಲಿಯಟ್ ಸ್ಫೂರ್ತಿಗೆ ಮೂರು ಲಕ್ಷಣ ಹೇಳಿದರು: ಅದು ಹೊರಗಿನ ಯಾವುದೋ ಒಂದರಿಂದ ಎಚ್ಚೆತ್ತುಕೊಳ್ಳುತ್ತದೆಯೇ ಹೊರತು ಹಟದಿಂದ ತಂದುಕೊಳ್ಳಲಾಗದು, ದಿನನಿತ್ಯದ ಗುರಿಗಳಿಗಿಂತ ದೊಡ್ಡದೊಂದನ್ನು ಕಾಣಿಸುತ್ತದೆ, ಕಂಡದ್ದನ್ನು ಮಾಡಿಯೇ ತೀರಬೇಕೆಂಬ ತುಡಿತ ಹುಟ್ಟಿಸುತ್ತದೆ. ಮೂರನೆಯದನ್ನು ಹಿಡಿದು, ಹಾಗಿದ್ದರೆ ಸ್ಫೂರ್ತಿಯೂ ಪ್ರೋತ್ಸಾಹದ ಒಂದು ಬಗೆಯೇ, ಬೇರೆ ಮಾಡುವುದು ಪಂಡಿತರ ಚಟ ಎಂದು ವಾದಿಸಬಹುದು. ಕೆಲಸ ಮಾಡುವವನ ಒಳಗೆ ನಿಂತು ನೋಡಿದರೆ ಎರಡೂ ಒಂದೇ ಕಡೆಗೆ ತಳ್ಳುತ್ತವೆ, ಒಪ್ಪೋಣ. ನಾಯಕನ ಕಡೆಯಿಂದ ನೋಡಿದರೆ ಹಾಗಿಲ್ಲ. ಪ್ರೋತ್ಸಾಹವನ್ನು ಅವನು ಆದೇಶ ಹೊರಡಿಸಿ ಜಾರಿಗೆ ತರಬಲ್ಲ. ಇಷ್ಟು ಮಾಡಿದವರಿಗೆ ಇಷ್ಟು ಎಂದು ಫಲಕ ಹಾಕಬಲ್ಲ. ಸ್ಫೂರ್ತಿಗೆ ಅಂಥ ಆದೇಶವಿಲ್ಲ. ಬೆಂಗಳೂರಿನ ಕಂಪನಿಗಳು ವರ್ಷಕ್ಕೊಮ್ಮೆ ರೆಸಾರ್ಟಿನಲ್ಲಿ ಭಾಷಣಕಾರರನ್ನು ಕರೆಸಿ ನಡೆಸುವ ಶಿಬಿರಗಳಿಂದ ಉಮೇದು ಬರಬಹುದು. ಕೆಲಸದ ಜಾಗದಲ್ಲಿ ಏನೂ ಬದಲಾಗದಿದ್ದರೆ ಆ ಉಮೇದು ಬಂದಷ್ಟೇ ಬೇಗ ಹೋಗುತ್ತದೆ.

ಹಾಗಾದರೆ ಅದು ಬರುವುದು ಎಲ್ಲಿಂದ? ಖೇಡಾದ ರೈತರು ಪಟೇಲರ ಮಾತು ಕೇಳಿದ್ದು ಆ ಮಾತು ಸೊಗಸಾಗಿತ್ತೆಂದಲ್ಲ. ಮಾತಿನ ಹಿಂದೆ ಇಪ್ಪತ್ತೆಂಟು ವರ್ಷದ ಜಮೆಯಿತ್ತು. 1918ರಲ್ಲಿ ಬೆಳೆ ಹಾಳಾಗಿ, ಸರ್ಕಾರ ಕಂದಾಯಕ್ಕೆ ಪಟ್ಟು ಹಿಡಿದಾಗ ಗಾಂಧೀಜಿಯವರ ಜೊತೆ ಇದೇ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದವರು, ಅಹಮದಾಬಾದಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಬ್ಯಾರಿಸ್ಟರಿಕೆಯನ್ನು ಬದಿಗಿಟ್ಟವರು ಅವರು. ಒಕ್ಕೂಟದ ಅಧ್ಯಕ್ಷರಾದ ತ್ರಿಭುವನದಾಸ್ ಪಟೇಲರೂ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಹಳ್ಳಿ ಹಳ್ಳಿಗೆ ನಡೆದು ಸಂಘ ಕಟ್ಟುವ ಬೇಸರದ ಕೆಲಸವನ್ನು ವರ್ಷಗಟ್ಟಲೆ ಮಾಡಿದವರು. ಇವರು ಕೇಳಿದ ನಷ್ಟಕ್ಕಿಂತ ದೊಡ್ಡ ನಷ್ಟವನ್ನು ಮೊದಲು ತಾವೇ ಹೊತ್ತಿದ್ದಾರೆ ಎಂಬುದು ಜನರಿಗೆ ಗೊತ್ತಿತ್ತು. ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಸ್ಫೂರ್ತಿ ಎಂದರೆ ಜನ ನಾಯಕನಿಗೆ ಕೊಡುವ ಕೈಸಾಲ. ಪತ್ರವಿಲ್ಲ, ಜಾಮೀನಿಲ್ಲ, ಈ ಮನುಷ್ಯ ಮೋಸ ಮಾಡಲಾರ ಎಂಬ ನಂಬಿಕೆಯ ಮೇಲೆ ಅವರು ತಮ್ಮ ಹದಿನೈದು ದಿನದ ಹಾಲನ್ನೋ, ವಯಸ್ಸಿನ ಹತ್ತು ವರ್ಷವನ್ನೋ ಮುಂಗಡ ಕೊಡುತ್ತಾರೆ. ಆ ಸಾಲ ತೀರಬೇಕಾದದ್ದು ಇನ್ನಷ್ಟು ಸ್ಫೂರ್ತಿಯಿಂದಲ್ಲ, ನ್ಯಾಯವಾದ ದಿನದ ವ್ಯವಸ್ಥೆಯಿಂದ.

ಖೇಡಾದಲ್ಲಿ ಅದು ತೀರಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಅಮುಲ್ ಕಥೆ ಹೇಳುವವರು ಮುಷ್ಕರದ ರೋಮಾಂಚನದಲ್ಲಿ ಈ ಭಾಗವನ್ನು ಬಿಟ್ಟುಬಿಡುತ್ತಾರೆ. 1948ರ ಜೂನ್‌ನಲ್ಲಿ ಒಕ್ಕೂಟ ಬೊಂಬಾಯಿಗೆ ಹಾಲು ಕಳಿಸಲು ಆರಂಭಿಸಿದಾಗ ಇದ್ದದ್ದು ಎರಡು ಹಳ್ಳಿಗಳ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಆ ವರ್ಷದ ಕೊನೆಗೆ 432 ರೈತರು, ದಿನಕ್ಕೆ 5,000 ಲೀಟರ್. ಈ ಏರಿಕೆಯನ್ನು ಭಾಷಣ ತಂದುಕೊಡಲಿಲ್ಲ. ಸಂಘದಲ್ಲಿ ಹಾಲನ್ನು ದಿನಕ್ಕೆ ಎರಡು ಹೊತ್ತು, ಹಾಕಿದವರ ಕಣ್ಣೆದುರಿಗೇ ಅಳೆಯುತ್ತಿದ್ದರು. ಎಷ್ಟು ಹಾಲು ಎಂಬುದರ ಜೊತೆಗೆ ಕೊಬ್ಬಿನ ಅಂಶ ಎಷ್ಟು ಎಂದು ಪರೀಕ್ಷೆಯಾಗುತ್ತಿತ್ತು, ಅದರ ಮೇಲೆ ದರ. ನೀರು ಬೆರೆಸಿದವನಿಗೆ ಅವನ ಫ್ಯಾಟೇ ಉತ್ತರ ಹೇಳುತ್ತಿತ್ತು. ಒಳ್ಳೆಯ ಹಾಲು ತಂದವನು ಯಾರ ಕೃಪೆಗೂ ಕಾಯಬೇಕಿರಲಿಲ್ಲ. ದುಡ್ಡು ತಡವಿಲ್ಲದೆ ಕೈಸೇರುತ್ತಿತ್ತು. ಮೇಲ್ಜಾತಿಯವರೂ ದಲಿತರೂ ಬಂದ ಕ್ರಮದಲ್ಲೇ ಒಂದೇ ಸಾಲಿನಲ್ಲಿ ನಿಂತರು, ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬಿತ್ತು. ವರ್ಷದ ಕೊನೆಗೆ ಲಾಭದಲ್ಲಿ ಬೋನಸ್. ಮೇಲ್ನೋಟಕ್ಕೆ ಇದು ಅಪ್ಪಟ ಪ್ರೋತ್ಸಾಹದ ವ್ಯವಸ್ಥೆ: ಹೆಚ್ಚು ಹಾಕಿದರೆ ಹೆಚ್ಚು, ಒಳ್ಳೆಯದು ಹಾಕಿದರೆ ಇನ್ನೂ ಹೆಚ್ಚು. ಪೋಲ್ಸನ್ ಕೂಡ ಹಾಲಿಗೆ ದುಡ್ಡೇ ಕೊಡುತ್ತಿತ್ತು. ಆದರೆ ಇಲ್ಲಿ ಪ್ರತಿ ಹೊತ್ತಿನ ಅಳತೆಯೂ ಸಮರ್ಖಾದ ಸಭೆಯಲ್ಲಿ ಕೊಟ್ಟ ಮಾತಿಗೆ ಸಾಕ್ಷಿಯಾಗಿತ್ತು. ನೀನು ಒಡೆಯ ಎಂದು ಹೇಳಿದ್ದು ನಿಜವೋ ಸುಳ್ಳೋ ಎಂಬುದನ್ನು ರೈತ ದಿನಕ್ಕೆ ಎರಡು ಸಲ ತಾನೇ ನೋಡಿಕೊಳ್ಳಬಹುದಿತ್ತು.

ಅಮುಲ್ ಅನ್ನು ಬೆಳೆಸಿದ ಎಂಜಿನಿಯರ್ ವರ್ಗೀಸ್ ಕುರಿಯನ್ ಅವರ ವಿಷಯಕ್ಕೆ ಬಂದರೆ, ಅವರು ಸ್ಫೂರ್ತಿ ಕೊಟ್ಟವರು ಎಂದು ನಾವು ಓದಿದ್ದೇವೆ. ಅವರು ಮೊದಲು ಸ್ಫೂರ್ತಿ ಪಡೆದವರು ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಮಿಚಿಗನ್‌ನಲ್ಲಿ ಓದಿ ಬಂದ ಅವರು 1949ರಲ್ಲಿ ಆನಂದ್‌ಗೆ ಬಂದದ್ದು ಮನಸ್ಸಿನಿಂದಲ್ಲ, ವಿದ್ಯಾರ್ಥಿವೇತನದ ಕರಾರಿನಿಂದ. ಅಲ್ಲಿನ ಸರ್ಕಾರಿ ಕ್ರೀಮರಿಯಲ್ಲಿ ಮಾಡಲು ಹೆಚ್ಚು ಕೆಲಸವೂ ಇರಲಿಲ್ಲ, ಯಾವಾಗ ಬಿಟ್ಟು ಹೋಗುವುದೋ ಎಂದು ಕಾಯುತ್ತಿದ್ದರು. ಕರಾರು ಅವರನ್ನು ಊರಿನಲ್ಲಿ ಹಿಡಿದಿಟ್ಟಿತು, ಕೆಲಸಕ್ಕೆ ಹಚ್ಚಲಿಲ್ಲ. ಹಚ್ಚಿದವರು ತ್ರಿಭುವನದಾಸ್. ಹಳೆಯ ಯಂತ್ರಗಳು ಕೈಕೊಡುತ್ತಿವೆ, ಹೊಸದು ಕೂರಿಸುವವರೆಗಾದರೂ ಇರಿ ಎಂದು ಅವರು ಕೇಳಿಕೊಂಡರು. ಹೊರಡಬೇಕಿದ್ದ ಎಂಜಿನಿಯರ್ ಉಳಿದುಕೊಂಡರು, ಕೊನೆಯವರೆಗೂ ಆನಂದ್ ಅವರ ಊರಾಯಿತು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಪರದೇಶದ ಪರಿಣತರು ಹೇಳುತ್ತಿದ್ದ ಕಾಲದಲ್ಲಿ ಅವರ ಜೊತೆಗಾರ ಎಚ್.ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಾದ ಮೇಲೂ ಕುರಿಯನ್ ಮಂಡಳಿಯಿಂದ ಸಂಬಳ ಪಡೆಯದೆ, ತಾನು ರೈತರ ನೌಕರ ಎಂದೇ ಹೇಳಿಕೊಂಡು ಬಂದರು. ತನ್ನನ್ನು ಹಿಡಿದ ಸ್ಫೂರ್ತಿಗೆ ತಾನು ತೆತ್ತ ಬೆಲೆ ಎಲ್ಲರ ಕಣ್ಣಿಗೆ ಕಾಣುವಂತಿದ್ದುದರಿಂದಲೇ ಅವರ ಮಾತು ಇನ್ನೊಬ್ಬರನ್ನು ತಟ್ಟಿತು ಎಂದು ನಾನು ತಿಳಿಯುತ್ತೇನೆ.

ಪ್ರೋತ್ಸಾಹ ಕೀಳು, ಸ್ಫೂರ್ತಿ ಮೇಲು ಎಂಬ ತೀರ್ಮಾನಕ್ಕೆ ಈ ಮಾತು ಜಾರಬಾರದು. ಪ್ರೋತ್ಸಾಹ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೆಡಿಸುತ್ತದೆ ಎಂಬುದರ ಬಗ್ಗೆ ಐವತ್ತು ವರ್ಷಕ್ಕೂ ಮೀರಿದ ಪರೀಕ್ಷೆಗಳಿವೆ. 1971ರಲ್ಲಿ ಎಡ್ವರ್ಡ್ ಡೆಸಿ ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ನಡುವೆ ಒಂದು ಗುಂಪಿಗೆ ಬಿಡಿಸಿದ ಒಗಟಿಗೆ ಒಂದು ಡಾಲರಿನಂತೆ ಕೊಟ್ಟು, ಆಮೇಲೆ ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪು ಬಿಡುವಿನ ವೇಳೆಯಲ್ಲಿ ಒಗಟಿನ ಕಡೆ ಮುಂಚಿನಷ್ಟು ಕೈ ಹಾಕಲಿಲ್ಲ. ಈ ಫಲಿತಾಂಶದ ಮೇಲೆ ದೊಡ್ಡ ವಾದವೇ ನಡೆಯಿತು. ಬಹುಮಾನದಿಂದ ಹಾನಿಯೆಂಬುದು ಉತ್ಪ್ರೇಕ್ಷೆ ಎಂದು 1994ರಲ್ಲಿ ಜೂಡಿ ಕ್ಯಾಮರಾನ್ ಮತ್ತು ಡೇವಿಡ್ ಪಿಯರ್ಸ್ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ವಾದಿಸಿದರು. 1999ರಲ್ಲಿ ಡೆಸಿ ಮತ್ತು ಸಂಗಡಿಗರು 128 ಅಧ್ಯಯನಗಳನ್ನು ಒಟ್ಟಿಗೆ ತೂಗಿ ಉತ್ತರ ಕೊಟ್ಟರು. ಮೊದಲೇ ಸ್ವಾರಸ್ಯವಿದ್ದ ಕೆಲಸಕ್ಕೆ ಮುಂಚಿತವಾಗಿ ಹೇಳಿ ಕೊಡುವ ವಸ್ತುರೂಪದ ಬಹುಮಾನ ಆ ಸ್ವಾರಸ್ಯವನ್ನು ಕುಗ್ಗಿಸುತ್ತದೆ; ನೀರಸ ಕೆಲಸದಲ್ಲಿ ಅಂಥ ಹಾನಿಯಿಲ್ಲ; ಮನಃಪೂರ್ವಕವಾದ ಮೆಚ್ಚುಗೆ ಆಸಕ್ತಿಯನ್ನು ಬೆಳೆಸುತ್ತದೆ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಉರಿ ನೀಝಿ ಮತ್ತು ಆಲ್ಡೋ ರುಸ್ತಿಕಿನಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಹರಿತವಾದದ್ದು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದಾಗ ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಹೆಚ್ಚುಕಡಿಮೆ ಇಮ್ಮಡಿಯಾಯಿತು. ದಂಡ ತೆಗೆದ ಮೇಲೂ ಅದು ಇಳಿಯಲಿಲ್ಲ. ಮೇಡಂ ಕಾಯುತ್ತಿರುತ್ತಾರೆ ಎಂಬ ಸಂಕೋಚ ಅಲ್ಲಿಯವರೆಗೆ ಪೋಷಕರನ್ನು ಹೊತ್ತಿಗೆ ಸರಿಯಾಗಿ ಕರೆತರುತ್ತಿತ್ತು. ದಂಡ ಬಂದೊಡನೆ ಆ ಸಂಕೋಚಕ್ಕೆ ಒಂದು ಬೆಲೆ ಕಟ್ಟಿದಂತಾಯಿತು. ಬೆಲೆ ಕೊಟ್ಟವರಿಗೆ ಸಂಕೋಚ ಉಳಿಯಲಿಲ್ಲ, ದಂಡ ಹೋದ ಮೇಲೆ ಮರಳಿಯೂ ಬರಲಿಲ್ಲ.

ಈ ಪ್ರಯೋಗಗಳಿಂದ ಸಂಬಳ ಕಡಿಮೆ ಕೊಟ್ಟರೆ ಜನ ಚೆನ್ನಾಗಿ ದುಡಿಯುತ್ತಾರೆಂದು ಸಾಬೀತಾಗುವುದಿಲ್ಲ, ಹಾಗೆ ಓದುವುದು ಅನ್ಯಾಯ. ಸಾಬೀತಾಗುವುದು ಇಷ್ಟು: ಬಹುಮಾನ ಮತ್ತು ದಂಡ ಕೈಗೆ ದುಡ್ಡು ತರುವುದರ ಜೊತೆಗೆ ಈ ಕೆಲಸ ಯಾವ ಜಾತಿಯದು ಎಂಬ ಸುದ್ದಿಯನ್ನೂ ತರುತ್ತವೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಪ್ರತಿ ಗ್ರಾಹಕನಿಗೆ ಎಂಟು ಖಾತೆ ಅಥವಾ ಸೇವೆ ಮಾರಬೇಕೆಂಬ ಗುರಿಯಿತ್ತು. ಗುರಿ ಮುಟ್ಟಿದವರಿಗೆ ಬೋನಸ್, ತಪ್ಪಿದವರಿಗೆ ಕೆಲಸ ಹೋಗುವ ಭಯ. ಗ್ರಾಹಕರಿಗೆ ತಿಳಿಸದೆಯೇ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳು ಹುಟ್ಟಿಕೊಂಡವು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರನ್ನು ಅದು ಕೆಲಸದಿಂದ ತೆಗೆದದ್ದೂ ಹೊರಬಂತು. ಆ ನೌಕರರೆಲ್ಲ ಹುಟ್ಟಾ ಕಳ್ಳರೆಂದು ಯಾರೂ ನಂಬಲಾರರು. ಏನು ಮಾಡಿದರೆ ಬದುಕು ಎಂದು ಬ್ಯಾಂಕು ದಿನವೂ ಹೇಳಿತು, ಅವರು ಅದನ್ನೇ ಮಾಡಿದರು. ಯಾಕಾಗಿ ಎಂಬುದನ್ನು ಹೇಳುವ ನಾಯಕ ಅಲ್ಲಿರಲಿಲ್ಲ.

ಬಡತನದ ನಡುವೆ ಬದುಕುವವರ ಮುಂದೆ ಸ್ಫೂರ್ತಿಯ ಮಾತಾಡುವುದೇ ಹೊಟ್ಟೆ ತುಂಬಿದವರ ವಿಲಾಸ ಎಂಬ ಆಕ್ಷೇಪ ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ನಮ್ಮ ರಾಜ್ಯದ ಹಾಲನ್ನೇ ನೋಡೋಣ. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಆನಂದ್ ಮಾದರಿ ಇಲ್ಲಿಗೆ ಬಂತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು. 2008ರಿಂದ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲಾರಂಭಿಸಿ, ಮುಂದೆ ಅದು 5 ರೂಪಾಯಿಗೆ ಏರಿತು. ಮಳೆ ನಂಬಿ ಕೂರಲಾಗದ ಕೋಲಾರ, ತುಮಕೂರು, ಮಂಡ್ಯ ಕಡೆಯ ಮನೆಗಳಲ್ಲಿ ವಾರದ ಬಟವಾಡೆಯೇ ದಿನಸಿ, ಅದೇ ಶಾಲೆಯ ಫೀಸು. ಅಂಥ ಮನೆಗೆ ಐದು ರೂಪಾಯಿ ತಡವಾದರೆ ಯಾವ ಆದರ್ಶವೂ ಆ ತಡವನ್ನು ತುಂಬಿಕೊಡಲಾರದು. ಆಕ್ಷೇಪದ ಈ ಭಾಗ ಪೂರ್ತಿ ನಿಜ. ಆದರೆ ಆ ಐದು ರೂಪಾಯಿ ಹಾಲು ಹೆಚ್ಚಿಸಬಲ್ಲದು, ಸಂಘದ ಲೆಕ್ಕಪತ್ರ ತೆರೆದು ತೋರಿಸಿ ಎಂದು ಮಹಾಸಭೆಯಲ್ಲಿ ಎದ್ದು ಕೇಳುವ ಸದಸ್ಯೆಯನ್ನು ಹುಟ್ಟಿಸಲಾರದು. ಆ ಸದಸ್ಯೆಗೆ ಕೇಳಿದ್ದಕ್ಕೆ ಬಹುಮಾನವಿಲ್ಲ, ಎಷ್ಟೋ ಸಲ ಕಾರ್ಯದರ್ಶಿಯ ಸಿಟ್ಟು ಮಾತ್ರ ಸಿಗುತ್ತದೆ. ಕೇಳುವವರು ಇಲ್ಲದ ಸಂಘದಲ್ಲಿ ಕೊಬ್ಬಿನ ಅಳತೆ ಸರಿಯಿದೆಯೆಂದು ಹೇಳುವವರು ಯಾರು? ಬಡವರಿಗೆ ಸಿಗಬೇಕಾದ ದುಡ್ಡು ಸರಿಯಾಗಿ ಸಿಗುವುದೇ ಅವರಲ್ಲಿ ಕೆಲವರು ದುಡ್ಡಿಗಲ್ಲದ ಕಾರಣಕ್ಕೆ ಎದ್ದು ನಿಂತಾಗ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮಾರುತ್ತೇನೆಂದಾಗ ನಮ್ಮ ಮಹಾಮಂಡಳಿಯ ನಂದಿನಿ ಹಾಲಿನ ಪರವಾಗಿ ಎದ್ದ ಕೂಗಿನಲ್ಲಿ ಚುನಾವಣೆಯ ಕಾವು ಇತ್ತು, ನಿಜ. ಅದರ ಜೊತೆಗೆ ಇದು ನಮ್ಮದು ಎಂಬ ಭಾವವೂ ಇತ್ತು. ಆ ಭಾವ ಗ್ರಾಹಕರಲ್ಲಷ್ಟೇ ಇದ್ದರೆ ಸಾಲದು, ಹಾಲು ಹಾಕುವವರಲ್ಲಿ ಎಷ್ಟು ಉಳಿದಿದೆ ಎಂಬುದೇ ಒಕ್ಕೂಟಗಳ ಆಡಳಿತ ಮಂಡಳಿಗಳು ಯೋಚಿಸಬೇಕಾದ ಪ್ರಶ್ನೆ.

ಇದಕ್ಕೆ ತಿರುವುಮುರುವಾದ ಅನ್ಯಾಯವೂ ನಮ್ಮೆದುರಿಗಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಆಶಾ ಕಾರ್ಯಕರ್ತೆಯರನ್ನು ನೌಕರರೆಂದಲ್ಲ, ಗೌರವ ಸ್ವಯಂಸೇವಕಿಯರೆಂದು ನೇಮಿಸಿಕೊಳ್ಳಲಾಯಿತು. ಹೆರಿಗೆಗೆ ಆಸ್ಪತ್ರೆಗೆ ಕರೆತಂದರೆ ಇಷ್ಟು, ಮಗುವಿಗೆ ಲಸಿಕೆ ಪೂರ್ತಿ ಮಾಡಿಸಿದರೆ ಇಷ್ಟು ಎಂದು ಕೆಲಸಕ್ಕೊಂದು ಪ್ರೋತ್ಸಾಹಧನ. ದೇಶದಲ್ಲಿ ಅವರ ಸಂಖ್ಯೆ ಸುಮಾರು ಹತ್ತು ಲಕ್ಷ. ಕೊರೋನಾ ಕಾಲದಲ್ಲಿ ಮನೆಮನೆ ಸಮೀಕ್ಷೆಗೆ ಹೋದವರು ಅವರು. ಸೋಂಕು ತರುತ್ತಾರೆಂದು ಬೈಸಿಕೊಂಡವರು ಅವರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಅದೇ ಕಾರ್ಯಕರ್ತೆಯರು ನಿಗದಿತ ಗೌರವಧನಕ್ಕಾಗಿ 2020ರ ಜುಲೈನಲ್ಲಿ ಕರ್ನಾಟಕದಲ್ಲಿ ಕೆಲಸ ನಿಲ್ಲಿಸಬೇಕಾಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ವೇದಿಕೆಯ ಮೇಲೆ ಅವರನ್ನು ಹೊಗಳಿದವರೆಲ್ಲ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ; ಹೊಗಳಿಕೆ ನಿಜವೇ ಇತ್ತು. ಆ ಹೆಂಗಸರಲ್ಲಿ ಬಹಳ ಜನ ಊರಿನ ಬಾಣಂತಿಯನ್ನು ಉಳಿಸಿದ ಸಮಾಧಾನಕ್ಕಾಗಿಯೇ ಅರ್ಧರಾತ್ರಿ ಎದ್ದು ಹೋಗುತ್ತಾರೆ. ಆದರೆ ಅವರು ಹೇಗೂ ಹೋಗುತ್ತಾರೆ ಎಂಬ ಭರವಸೆಯ ಮೇಲೆ ವ್ಯವಸ್ಥೆಯೊಂದು ತನ್ನ ಖರ್ಚು ಉಳಿಸಿಕೊಂಡರೆ ಅದು ಪಡೆದ ಸಾಲವನ್ನು ತೀರಿಸದೆ ಇನ್ನಷ್ಟು ಕೇಳಿದಂತೆ. ಸೇವೆ ಎಂದು ಕರೆದು ಸಂಬಳ ತಪ್ಪಿಸುವುದು ಅತಿಥಿ ಉಪನ್ಯಾಸಕರ, ಅಂಗನವಾಡಿಯ, ಹೊಸದಾಗಿ ಶುರುವಾದ ಕಂಪನಿಗಳ ಕಥೆಯೂ ಹೌದು. ಹೊಸ ಕಂಪನಿಯ ಯುವಕರು ನಾವು ಜಗತ್ತನ್ನು ಬದಲಿಸುತ್ತಿದ್ದೇವೆ ಎಂಬ ಮಾತಿಗೆ ವಾರದ ಏಳು ದಿನವನ್ನೂ ಕೊಡುತ್ತಾರೆ. ಕಂಪನಿ ಮಾರಾಟವಾದ ದಿನ ಪಾಲು ಯಾರಿಗೆ ಎಷ್ಟು ಎಂಬುದು ಆ ಮಾತಿನ ನಿಜವಾದ ತೂಕವನ್ನು ಹೇಳುತ್ತದೆ.

ಸ್ಫೂರ್ತಿ ಅಪಾಯದ ವಸ್ತು ಎಂದು ಹೇಳುವವರಿದ್ದಾರೆ. ಜನರನ್ನು ತಮ್ಮ ಲೆಕ್ಕದಾಚೆಗೆ ಎತ್ತಿಕೊಂಡು ಹೋಗುವ ಶಕ್ತಿ ಎತ್ತ ಬೇಕಾದರೂ ಒಯ್ಯಬಹುದು. ಒಂದು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಎಂದು ಹೇಳಿ ಬುದ್ಧಿವಂತ ತರುಣರನ್ನೂ ಅನುಭವಿ ಹಿರಿಯರನ್ನೂ ಒಟ್ಟಿಗೆ ನಂಬಿಸಿದ ಥೆರಾನೋಸ್ ಕಂಪನಿಯ ಎಲಿಜಬೆತ್ ಹೋಮ್ಸ್ ವಂಚನೆಯ ಅಪರಾಧಿಯೆಂದು 2022ರ ಜನವರಿಯಲ್ಲಿ ತೀರ್ಪಾಯಿತು. ಅಲ್ಲಿ ದುಡಿದವರ ಸ್ಫೂರ್ತಿ ಸುಳ್ಳಾಗಿರಲಿಲ್ಲ, ಅದನ್ನು ಹುಟ್ಟಿಸಿದ ಮಾತು ಸುಳ್ಳಾಗಿತ್ತು. ಹಾಗೆಂದು ಸ್ಫೂರ್ತಿಯನ್ನೇ ದೂರವಿಟ್ಟು ಬರೀ ಗುರಿ ಮತ್ತು ಬಹುಮಾನಗಳಿಂದ ಸಂಸ್ಥೆ ನಡೆಸಿದರೆ ಸುರಕ್ಷಿತವೇ ಎಂದರೆ ವೆಲ್ಸ್ ಫಾರ್ಗೋ ಎದುರಿಗೆ ಬರುತ್ತದೆ. ಎರಡು ಕಡೆಯ ಕುಸಿತಕ್ಕೂ ಒಂದೇ ಕೊರತೆ ಕಾರಣ ಎಂದು ನನಗನ್ನಿಸುತ್ತದೆ: ಕೆಳಗಿನವರು ಮೇಲಿನವರ ಮಾತನ್ನು ತಾವೇ ಅಳೆದು ನೋಡುವ ದಾರಿ ಇರಲಿಲ್ಲ. ಥೆರಾನೋಸ್‌ನಲ್ಲಿ ಒಂದು ವಿಭಾಗದವರಿಗೆ ಇನ್ನೊಂದು ವಿಭಾಗದಲ್ಲಿ ಏನಾಗುತ್ತಿದೆ ಎಂದು ತಿಳಿಯದಂತೆ ನೋಡಿಕೊಳ್ಳುತ್ತಿದ್ದರು, ಪ್ರಶ್ನೆ ಎತ್ತಿದವರ ಮೇಲೆ ವಕೀಲರನ್ನು ಬಿಡುತ್ತಿದ್ದರು. ಹಳ್ಳಿಯ ಸಂಘದಲ್ಲಿ ಕೊಬ್ಬಿನ ಪರೀಕ್ಷೆ ಎಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ಒಬ್ಬ ನಾಯಕ ನಂಬಿಕೆಗೆ ಅರ್ಹನೇ ಎಂದು ತಿಳಿಯಲು ಅವನ ಕಣ್ಣಿನ ಹೊಳಪನ್ನಾಗಲೀ ಮಾತಿನ ಬಿಸಿಯನ್ನಾಗಲೀ ನೋಡಬೇಕಿಲ್ಲ. ತನ್ನ ಮಾತನ್ನು ಸುಳ್ಳೆಂದು ತೋರಿಸುವ ಸಾಧನವನ್ನು ಅವನು ಜನರ ಕೈಗೆ ಕೊಟ್ಟಿದ್ದಾನೆಯೇ ಎಂದು ನೋಡಿದರೆ ಸಾಕು.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸೂಪರ್‌ವೈಸರ್‌ಗೆ ಇದೆಲ್ಲ ಏಕೆ, ಅಲ್ಲಿ ಬೋಲ್ಟು ತಿರುಗಿಸುವುದರಲ್ಲಿ ಯಾವ ಮಹಾ ಧ್ಯೇಯವಿದೆ ಎಂದು ಕೇಳಿದರೆ, ಇಲ್ಲದ ಧ್ಯೇಯವನ್ನು ಗೋಡೆಗೆ ಬರೆಸದಿರುವುದೇ ಒಳ್ಳೆಯದು ಎನ್ನುತ್ತೇನೆ. ಹೊತ್ತಿಗೆ ಸಂಬಳ, ಓವರ್‌ಟೈಮಿಗೆ ಸರಿಯಾದ ಲೆಕ್ಕ, ಬೈಗುಳವಿಲ್ಲದ ಮಾತು, ಕೈಕಾಲಿಗೆ ಅಪಾಯವಾಗದ ಯಂತ್ರ. ಇಷ್ಟಿದ್ದರೆ ಅದು ಗೌರವದ ದುಡಿಮೆ. ಉಳಿದ ಜೀವನದ ಸ್ಫೂರ್ತಿಯನ್ನು ಆ ಕಾರ್ಮಿಕ ತನ್ನ ಮಕ್ಕಳಲ್ಲೋ, ಭಜನೆಯಲ್ಲೋ, ಸಂಘದಲ್ಲೋ ಕಂಡುಕೊಳ್ಳುತ್ತಾನೆ. ಎಲ್ಲರೂ ಎಲ್ಲ ಕೆಲಸದಲ್ಲೂ ಉರಿಯುತ್ತಿರಬೇಕೆಂದು ಬಯಸುವುದು ಮನುಷ್ಯರ ಮೇಲೆ ಹೇರುವ ಇನ್ನೊಂದು ಹೊರೆ.

ಉಳಿದದ್ದು ನಾಯಕ ಹೊರಡುವ ಹೊತ್ತಿನ ಪ್ರಶ್ನೆ. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟು ನಿರ್ಮಿಸಿದ, ಶ್ಯಾಮ್ ಬೆನೆಗಲ್ ನಿರ್ದೇಶನದ 1976ರ ‘ಮಂಥನ್’ ಚಿತ್ರದಲ್ಲಿ ಗಿರೀಶ್ ಕಾರ್ನಾಡರು ವಹಿಸಿದ ಡಾಕ್ಟರ್ ರಾವ್ ಪಾತ್ರ ಕೊನೆಯಲ್ಲಿ ಹಳ್ಳಿ ಬಿಟ್ಟು ಹೋಗುತ್ತದೆ. ಸಂಘವನ್ನು ಎತ್ತಿ ನಿಲ್ಲಿಸುವವನು ಅದೇ ಹಳ್ಳಿಯ ದಲಿತ ತರುಣ ಭೋಲಾ. ಕುರಿಯನ್ ಕಥೆಗೆ ಕೈಜೋಡಿಸಿದ ಆ ಚಿತ್ರದಲ್ಲಿ ಸುಲಭವಾದದ್ದು ಅವರ ಬದುಕಿನಲ್ಲಿ ಆಗಲಿಲ್ಲ. ಹೈನು ಮಂಡಳಿಯ ಅಧ್ಯಕ್ಷರಾಗಿ ಅವರು 1998ರವರೆಗೆ, ಮೂವತ್ತಮೂರು ವರ್ಷ ಉಳಿದರು. ಗುಜರಾತ್ ಸಹಕಾರಿ ಹಾಲು ಮಾರಾಟ ಮಹಾಮಂಡಳಿಯಿಂದ 2006ರಲ್ಲಿ ಹೊರನಡೆದದ್ದು ಸದಸ್ಯ ಒಕ್ಕೂಟಗಳು ಎದುರು ನಿಂತ ಮೇಲೆ. ಅವರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ, ಆದರೆ ಪಾಠಕ್ಕಾಗಿ ಇದನ್ನು ನೋಡಲೇಬೇಕು. ಬಹುಮಾನ ಹಂಚುವ ಅಧಿಕಾರಿ ಬದಲಾದರೆ ಯಾರಿಗೂ ನೋವಾಗುವುದಿಲ್ಲ, ಬಹುಮಾನ ಬರುತ್ತಿದ್ದರೆ ಸರಿ. ಸ್ಫೂರ್ತಿ ಕೊಟ್ಟವನು ಮಾತ್ರ ತಾನಿಲ್ಲದಿದ್ದರೆ ಆ ಬೆಂಕಿಯೇ ಆರುತ್ತದೆಂದು ನಂಬತೊಡಗುತ್ತಾನೆ. ಜನರೂ ಅವನನ್ನು ಹಾಗೆಯೇ ನಂಬಿಸುತ್ತಾರೆ. ಒಡೆಯರಾಗಿ ಎಂದು ಕಲಿಸಿದ ಮೇಲೆ, ಒಡೆಯರಾದವರು ಒಂದು ದಿನ ಕಲಿಸಿದವನ ಮಾತನ್ನೂ ಮೀರುತ್ತಾರೆ. ಮೀರದಿದ್ದರೆ ಅವರು ಒಡೆಯರಾಗಿಲ್ಲ ಎಂದೇ ಅರ್ಥ. ತ್ರಿಭುವನದಾಸ್ ಪಟೇಲರು 1970ರ ದಶಕದ ಮೊದಲ ವರ್ಷಗಳಲ್ಲಿ, ಎದುರಾಳಿಯೇ ಇಲ್ಲದಿರುವಾಗ, ತಾವಾಗಿಯೇ ಒಕ್ಕೂಟದ ಅಧ್ಯಕ್ಷ ಪದವಿ ಬಿಟ್ಟರು. ರೈತರು ಪ್ರೀತಿಯಿಂದ ಕೂಡಿಸಿ ಕೊಟ್ಟ ನಿಧಿಯನ್ನು ಮನೆಗೆ ಒಯ್ಯದೆ ತಾಯಿ ಮತ್ತು ಮಕ್ಕಳ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನಕ್ಕೆ ಮೂಲಧನ ಮಾಡಿದರು. ಹಾಲಿನ ಸಂಘಗಳ ಮೂಲಕವೇ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರನ್ನು ತಯಾರು ಮಾಡಿ, ಹೆರಿಗೆ ಮತ್ತು ಶಿಶು ಆರೈಕೆಯ ಕೆಲಸವನ್ನು ಅದು ಕೈಗೆತ್ತಿಕೊಂಡಿತು.